ಪಟ್ಟಿಯಲ್ಲಿ ಉಳಿದ ಫೋಟೊ

ನಾನು ಶಾಲೆ ಬಿಟ್ಟಿದ್ದು ೧೯೮೫ರಲ್ಲಿ, ಏಳನೆಯ ತರಗತಿಯ ನಡುವೆ. ಸಾಯಗಾಂವದಿಂದ ಭಾಲ್ಕಿಗೆ ಬಂದು ಒಂದು ಫೋಟೊ ಸ್ಟುಡಿಯೋದಲ್ಲಿ ಕಸ ಹೊಡೆಯುವ ಕೆಲಸಕ್ಕೆ ನಿಂತೆ. ರೋಲ್ ತೊಳೆಯುವುದು, ಪ್ರಿಂಟ್ ಹಾಕುವುದು, ಬೆಳಕು ಹಿಡಿಯುವುದು ಎಲ್ಲವನ್ನೂ ಕಣ್ಣಿನಿಂದಲೇ ಕಲಿತೆ. ಹನ್ನೆರಡು ವರ್ಷದ ಮೇಲೆ ರೈಲು ಸ್ಟೇಷನ್ ರಸ್ತೆಯಲ್ಲಿ ನನ್ನದೇ ಸ್ಟುಡಿಯೋ ತೆರೆದೆ. ಕಂಪ್ಯೂಟರ್ ಬಂದಾಗಲೂ ಯಾರ ಮುಂದೆಯೂ ಕೈಕಟ್ಟಿ ನಿಲ್ಲಲಿಲ್ಲ. ಪರದೆಯ ಮೇಲೆ ಬರುವ ಇಂಗ್ಲಿಷ್ ಮಾತುಗಳನ್ನು ಒಂದೊಂದು ಅಕ್ಷರವಾಗಿ ನೋಟ್‌ಬುಕ್ಕಿಗೆ ಇಳಿಸಿಕೊಂಡು, ಡಿಕ್ಷನರಿ ಎದುರಿಗಿಟ್ಟುಕೊಂಡು ಅರ್ಥ ಮಾಡಿಕೊಂಡೆ. ಅಂಗಡಿಯ ಗೋಡೆಗೆ ಒಂದು ಬೋರ್ಡ್ ಬರೆಸಿ ಹಾಕಿದ್ದೆ: ‘ಇಲ್ಲಿ ತೆಗೆಸಿದ ಫೋಟೊ ಎಂದಿಗೂ ಕಳೆಯುವುದಿಲ್ಲ.’ ಆ ಮಾತಿನ ಮೇಲೆ ನನಗೆ ಸೊಕ್ಕಿತ್ತು. ಇಲ್ಲವೆಂದು ಹೇಳಲಾರೆ.

ಎರಡು ವರ್ಷ ಸಾಲಾಗಿ ಮಳೆ ಹೋದಾಗ ನನ್ನ ಅಂಗಡಿಗೆ ಗಿರಾಕಿ ಹೆಚ್ಚಿತು. ಹೇಳಲು ನಾಚಿಕೆಯಾಗುತ್ತದೆ, ಆದರೆ ಹಾಗೇ ಆಯಿತು. ಔರಾದ ಕಡೆಯ ಹಳ್ಳಿಗಳಿಂದ ಜನ ಪುಣೆಗೋ ಹೈದರಾಬಾದಿಗೋ ಕೆಲಸಕ್ಕೆ ಹೊರಟು, ರೈಲು ಹತ್ತಲು ಭಾಲ್ಕಿಗೆ ಬರುತ್ತಿದ್ದರು. ಕೆಲಸಕ್ಕೆ ಕರೆದೊಯ್ಯುವ ಮುಕಾದಮನಿಗೆ ಒಬ್ಬೊಬ್ಬರ ಸಣ್ಣ ಫೋಟೊ ಬೇಕು. ಅದನ್ನು ಆಗಲೇ ಒಯ್ಯುತ್ತಿದ್ದರು. ಅದರ ಜೊತೆ ಕೆಲವರು ಮನೆಮಂದಿಯದೋ ಮಕ್ಕಳದೋ ಒಂದು ದೊಡ್ಡ ಫೋಟೊ ತೆಗೆಸಿ, ಅದನ್ನು ಮಾತ್ರ ಒಯ್ಯದೆ ಹೋಗುತ್ತಿದ್ದರು. ಊರ ಕಡೆ ಏನಾದರೊಂದು ಬಾಕಿ ಇಟ್ಟು ಹೋದರೆ ತಿರುಗಿ ಬರುತ್ತೇವೆಂಬುದು ಅವರ ನಂಬಿಕೆ. ನಾನೂ ಪ್ರಿಂಟ್ ಹಾಕದೆ, ಊರಿನ ಹೆಸರು, ಸಂಖ್ಯೆ ಕೊಟ್ಟು ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳುತ್ತಿದ್ದೆ.

ಎಳ್ಳಮವಾಸ್ಯೆ ಮುಗಿದ ಮೇಲಿನ ಶುಕ್ರವಾರ ಹಾಗೆ ಬಂದವರಲ್ಲಿ ಕುರಿ ಕಾಯುವ ಒಂದು ಕುಟುಂಬವಿತ್ತು. ಗಂಡ, ಹೆಂಡತಿ, ಆರೇಳು ವರ್ಷದ ಮಗಳು. ಮೇವಿಲ್ಲದೆ ಕುರಿ ಮಾರಿ ಬಂದಿದ್ದರು. ದೊಡ್ಡವರ ಫೋಟೊ ಆದ ಮೇಲೆ ಆ ಹುಡುಗಿ ಕನ್ನಡಿಯ ಮುಂದಿನ ಪೌಡರ್ ತಾನೇ ಮುಖಕ್ಕೆ ಬಡಿದುಕೊಂಡು, ನೀಲಿ ಪರದೆಯ ಮುಂದೆ ಹೋಗಿ ನಿಂತುಬಿಟ್ಟಳು. ಹಳದಿ ಫ್ರಾಕು.

“ಏ, ಬಾ ಇಕಡಿ. ನಿನಗ ಯಾವ ಮುಕಾದಮ ಕೂಲಿ ಕೊಡ್ತಾನ?” ಎಂದ ತಂದೆ.

“ನಂದು ಒಂದು ಹೊಡೀಲಿ. ನಾ ಏನ್ ಕುರಿ ಏನು, ಮಾರಿ ಬಿಟ್ಟು ಹೋಗ್ಲಾಕ?” ಎಂದಳು ಅವಳು.

ಎಲ್ಲರೂ ನಕ್ಕೆವು. ಮೊದಲನೆಯದರಲ್ಲಿ ಕಣ್ಣು ಮುಚ್ಚಿದಳು. ಎರಡನೆಯದು ಚೆನ್ನಾಗಿ ಬಂತು. ತಾಯಿ ಬಾಗಿಲಲ್ಲಿ ನಿಂತು, “ಕಾಕಾ, ಇದು ನಿಮ್ಮ ಹಂತೇಕೇ ಇರ್ಲಿ. ಮಳಿ ಆದ ಮ್ಯಾಲ ಬಂದು ಒಯ್ತೇವ್ರಿ,” ಎಂದಳು. ನಾನು ಬೋರ್ಡಿನ ಕಡೆ ಕೈ ತೋರಿಸಿದೆ. “ಓದಲಿಕ್ಕ ಬರಂಗಿಲ್ರಿ,” ಎಂದಳು. ಓದಿ ಹೇಳಿದೆ.

ಆ ಭಾನುವಾರವೇ ಹೊಸದಾಗಿ ತಂದ ಹೊರಗಿನ ಡಿಸ್ಕಿಗೆ ಒಂದು ಪ್ರೋಗ್ರಾಮಿನಿಂದ ಎಲ್ಲ ಫೋಟೊಗಳ ಬ್ಯಾಕಪ್, ಅಂದರೆ ಇನ್ನೊಂದು ಪ್ರತಿ, ಇಟ್ಟೆ. ಬ್ಯಾಕಪ್ಪಿನ ಆ ಮೊದಲ ಗಂಟು ಬಹಳ ದೊಡ್ಡದಾಯಿತು. ಆಮೇಲೆ ತಿಂಗಳಿಗೊಂದರಂತೆ ಸಣ್ಣ ಸಣ್ಣ ಗಂಟುಗಳನ್ನು ಆ ಪ್ರೋಗ್ರಾಮು ತಾನೇ ಕಟ್ಟಿಕೊಳ್ಳುತ್ತ ಹೋಯಿತು. ಸಣ್ಣವು ಯಾಕೆ ಸಣ್ಣವು ಎಂದು ನಾನು ಕೇಳಲಿಲ್ಲ. ಕೇಳುವ ಸ್ವಭಾವ ನನ್ನದಲ್ಲ.

ನಮ್ಮ ಕಡೆ ನವರಾತ್ರಿಯ ಘಟಸ್ಥಾಪನೆಗೆ ಮುಂಚೆ ಮನೆಯಲ್ಲಿರುವುದನ್ನೆಲ್ಲ ತೊಳೆಯಬೇಕು. ಹಾಸಿಗೆ, ಕೌದಿ, ಬುಟ್ಟಿ, ಏನೂ ಬಿಡುವ ಹಾಗಿಲ್ಲ. ಪ್ರತಿವರ್ಷ ಕೌದಿಗಳನ್ನು ಗಾಡಿಯಲ್ಲಿ ಹೇರಿಕೊಂಡು ಮಾಂಜ್ರಾ ನದಿಗೆ ಹೋಗುತ್ತಿದ್ದೆವು. ಆ ವರ್ಷ ನದಿಯಲ್ಲಿ ಮರಳಿತ್ತು, ನೀರಿರಲಿಲ್ಲ. ಹೆಂಡತಿ ಮಾಳಿಗೆಯ ಮೇಲೆ ಕೌದಿ ಝಾಡಿಸುತ್ತ, “ಈ ಸಲ ಬರೇ ಧೂಳ ಹಾರ್ಸೋದೇ ಹಬ್ಬ. ನಿಮ್ಮ ಡಬ್ಬಿಗಿ ನೀರ ಬೇಕಾಗಂಗಿಲ್ಲಲ್ಲ, ಅದನ್ನರೆ ಸಾಫ್ ಮಾಡ್ರಿ. ಏನೋ ಒಂದು ತೊಳದಂಗ ಆಗ್ತದ,” ಎಂದಳು.

ಡಿಸ್ಕು ತುಂಬಿದೆ ಎಂದು ಕಂಪ್ಯೂಟರ್ ಪರದೆ ಕೂಡ ವಾರದಿಂದ ಹೇಳುತ್ತಿತ್ತು. ಅಂಗಡಿಗೆ ಹೋಗಿ ನೋಡಿದೆ. ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ಹೆಚ್ಚು ಜಾಗ ತಿಂದದ್ದು ಆ ಮೊದಲ ಗಂಟು. ಹೊಸದಿರುವಾಗ ಹಳೆಯದೇಕೆ ಎಂದು ಅಳಿಸಿದೆ. ಡಿಸ್ಕು ಹಗುರಾಯಿತು. ಮನೆಗೆ ಬಂದು, “ನಂದೂ ತೊಳಿಯೋದು ಮುಗೀತು,” ಎಂದೆ. ಖಂಡೇನವಮಿಯ ದಿನ, ಆಯುಧಪೂಜೆಗೆ, ಕ್ಯಾಮೆರಾ, ಕಂಪ್ಯೂಟರ್, ಡಿಸ್ಕು ಎಲ್ಲಕ್ಕೂ ವಿಭೂತಿ, ಕುಂಕುಮ ಹಚ್ಚಿ ಪೂಜೆ ಮಾಡಿದೆವು.

ದೀಪಾವಳಿ ಕಳೆದ ಮೇಲೆ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂ ಬದಲಿಸಿದೆ. ಹಳೆಯದು ತೀರ ನಿಧಾನವಾಗಿತ್ತು. ಎಲ್ಲ ಅಳಿಸಿ ಹೊಸದಾಗಿ ಹಾಕಲೋ ಎಂದು ಅದು ಕೇಳಿದಾಗ ಧೈರ್ಯವಾಗಿ ಹೌದು ಎಂದೆ. ಬ್ಯಾಕಪ್ ಇದೆಯಲ್ಲ, ಬೇಕಾದಾಗ ತೆಗೆದರಾಯಿತು.

ಬೇಕಾದದ್ದು ಎಂಟು ದಿನದಲ್ಲಿ. ಹಳದಿ ಫ್ರಾಕಿನ ಹುಡುಗಿಯ ತಾಯಿ ಒಬ್ಬಳೇ ಬಂದಳು. ಮೊದಲು ಗುರುತು ಹತ್ತಲಿಲ್ಲ, ಅಷ್ಟು ಸೊರಗಿದ್ದಳು. ಬೇಸಿಗೆಯಲ್ಲಿ ಕೆಲಸದ ಜಾಗದಲ್ಲೇ ಮಗಳಿಗೆ ಜ್ವರ ಬಂದು ನಾಲ್ಕನೆಯ ದಿನ ತೀರಿಹೋದಳಂತೆ. ಮಣ್ಣು ಅಲ್ಲಿಯೇ ಮಾಡಿದರಂತೆ.

“ಮತ್ತೊಂದು ಫೋಟೊ ಇಲ್ರಿ ಅಕಿದು,” ಎಂದಳು. “ಮಾರಿ ಮರೀಲತ್ತೀನ್ರಿ ಕಾಕಾ. ಕಣ್ಣ ಮುಚ್ಚಿದ್ರ ಹಳದಿ ಫ್ರಾಕ್ ಕಾಣ್ತದ, ಮಾರಿ ಕಾಣಂಗಿಲ್ಲ. ಹಡದಕಿ ನಾ, ನನಗೇ ಹಿಂಗ ಆದ್ರ ಹ್ಯಾಂಗ್ರಿ?”

“ಫಿಕರ್ ಮಾಡಬ್ಯಾಡವ್ವ. ನನ್ನ ಹಂತೇಕ ಅದ. ಮುಂದಿನ ಸೋಮವಾರ ಬಾ, ದೊಡ್ಡದಾಗಿ ಮಾಡಿ ಕೊಡ್ತೇನಿ,” ಎಂದೆ.

ಅವಳು ಹೋದ ಮೇಲೆ ಡಿಸ್ಕು ಜೋಡಿಸಿ ಪ್ರೋಗ್ರಾಮು ತೆರೆದೆ. ಯಾವ ಬ್ಯಾಕಪ್ಪೂ ಇಲ್ಲ ಎಂದಿತು. ನೋಟ್‌ಬುಕ್ ತೆಗೆದು ಒಂದೊಂದೇ ಸಾಲು ನೋಡುತ್ತ ಕುಳಿತೆ. ಎರಡನೆಯ ದಿನ ತಿಳಿಯಿತು: ಹಳೆಯ ವ್ಯವಸ್ಥೆಯಲ್ಲಿ ಆ ಡಿಸ್ಕಿನ ಗುರುತಿನ ಅಕ್ಷರ ‘ಇ’ ಇತ್ತು, ಹೊಸದು ಅದಕ್ಕೆ ‘ಎಫ್’ ಕೊಟ್ಟಿದೆ, ಪ್ರೋಗ್ರಾಮು ಖಾಲಿ ಮನೆಯ ಬಾಗಿಲು ಬಡಿಯುತ್ತಿದೆ. ಅಕ್ಷರ ಸರಿಮಾಡಿದೆ. ಆಗ ಕಂಪ್ಯೂಟರ್, ‘ನೀನು ಇದರ ಯಜಮಾನನಲ್ಲ, ತೆರೆಯಲಾರೆ’ ಎಂದಿತು. ನನ್ನದೇ ಡಿಸ್ಕು, ನಾನೇ ಯಜಮಾನನಲ್ಲವಂತೆ. ಹಳೆಯ ಲಾಗಿನ್ ಹೆಸರು ಹೋಗಿ ಹೊಸದು ಬಂದಿದ್ದರಿಂದ ಹಾಗೆ. ಅದನ್ನೂ ನಾಲ್ಕನೆಯ ದಿನ ಬಗೆಹರಿಸಿದೆ. ಒಂಬತ್ತು ಗಂಟುಗಳು ಸಾಲಾಗಿ ಕಂಡವು. ಕಣ್ಣಲ್ಲಿ ನೀರು ಬಂತು. ಹೆಂಡತಿಗೆ ಫೋನ್ ಮಾಡಿ, “ಸಿಕ್ತು,” ಎಂದೂ ಹೇಳಿಬಿಟ್ಟೆ.

ಆದರೆ ಎಳ್ಳಮವಾಸ್ಯೆಯ ವಾರವನ್ನು ತೆರೆಯಹೋದರೆ ಮೊದಲ ಗಂಟು ಎಲ್ಲಿ ಎಂದು ಕೇಳಿತು. ಒಂಬತ್ತರಲ್ಲಿ ಯಾವುದರಿಂದ ತೆರೆದರೂ ಅದೇ ಪ್ರಶ್ನೆ.

ಜೀವನದಲ್ಲಿ ಮೊದಲ ಸಲ ನಾನು ಇನ್ನೊಬ್ಬರ ಬಾಗಿಲಿಗೆ ಹೋದೆ. ಡಿಸ್ಕನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬೀದರಿನ ಬಸ್ಸು ಹಿಡಿದೆ. ಅಲ್ಲಿಯ ಮೈಲೂರಿನಲ್ಲಿ ಒಬ್ಬ ಹೆಣ್ಣುಮಗಳು ಮನೆಯ ಮುಂದಿನ ಕೋಣೆಯಲ್ಲೇ ಕಂಪ್ಯೂಟರ್ ರಿಪೇರಿ ಮಾಡುತ್ತಾಳೆ. ಇಂಜಿನಿಯರಿಂಗ್ ಓದಿದವಳು. ಗೋಡೆಯ ಮೇಲೆ ಬುದ್ಧನ ಪಟ, ಕೆಳಗೆ ಬಿಚ್ಚಿಟ್ಟ ಯಂತ್ರಗಳು. ಅವಳು ಹತ್ತು ನಿಮಿಷ ನೋಡಿ ನನ್ನ ಕಡೆ ತಿರುಗಿದಳು.

“ಕಾಕಾ, ಮೊದಲಿಂದು ಎಲ್ಲದರಿ?”

“ಹಳೇದಿತ್ತವ್ವ. ಹಬ್ಬದ ಮುಂದ ಸಾಫ್ ಮಾಡ್ದೆ.”

“ಎಲ್ಲಾ ಫೋಟೊ ಅದರಾಗೇ ಇದ್ದೂವ್ರಿ. ಮುಂದಿನವು ಆ ತಿಂಗಳ ಹೊಸವಷ್ಟೇ ಇಟ್ಕೋತಾವ, ಹಳೇವಕ್ಕ ಅದನ್ನೇ ನಂಬಿರ್ತಾವ. ಯಾರನ್ನರೆ ಒಂದು ಮಾತು ಕೇಳಬಾರದಿತ್ತೇನ್ರಿ?”

ಡಿಸ್ಕನ್ನು ಎರಡು ದಿನ ಇಟ್ಟುಕೊಂಡು ತಳದವರೆಗೂ ಹುಡುಕಿದಳು. ಅಳಿಸಿದ ಜಾಗದ ಮೇಲೆ ದಸರೆ, ದೀಪಾವಳಿಯ ಹೊಸ ಫೋಟೊಗಳು ಬಂದು ಕುಳಿತಿದ್ದವು. ಮೊದಲ ಗಂಟು ಕಟ್ಟಿದ ಮೇಲಿನ ಫೋಟೊಗಳು ಸಿಕ್ಕವು. ಅದಕ್ಕೂ ಹಿಂದಿನವುಗಳ ಬರೀ ಪಟ್ಟಿ ಸಿಕ್ಕಿತು: ಯಾವ ಫೋಟೊ, ಯಾವ ದಿನ, ಎಷ್ಟು ಗಂಟೆ. ಹೆಸರಿದೆ, ಫೋಟೊ ಇಲ್ಲ. ಆ ಶುಕ್ರವಾರದ ಪಟ್ಟಿಯನ್ನು ಹಾಳೆಗೆ ಇಳಿಸಿ ಕೈಗೆ ಕೊಡುವಾಗ ಅವಳು ಕೂಲಿ ತೆಗೆದುಕೊಳ್ಳಲಿಲ್ಲ. ಅದು ಇನ್ನೂ ಚುಚ್ಚಿತು.

ಭಾನುವಾರ ರಾತ್ರಿ ಊಟಕ್ಕೆ ಕೂತಾಗ ಹೆಂಡತಿ, “ಕಂಪ್ಯೂಟರ್ ಕೆಟ್ಟದಂತ ಹೇಳ್ರಿ. ನಿಮ್ಮ ಮ್ಯಾಲ ಯಾಕ ಎಳ್ಕೋತೀರಿ? ಸಾಫ್ ಮಾಡ್ರಿ ಅಂದಕಿ ನಾನು,” ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅವಳದೇನು ತಪ್ಪು? ಅವಳು ನಗಾಡಿದಳು, ನಾನು ಅಳಿಸಿದೆ.

ಸೋಮವಾರ ಆ ತಾಯಿ ಬಂದಳು. ಫೋಟೊ ಮಡಚದಿರಲೆಂದು ಒಂದು ರಟ್ಟು ತಂದಿದ್ದಳು. ಅದನ್ನು ನೋಡಿದ ಮೇಲೆ ಸುಳ್ಳು ನಾಲಿಗೆಗೆ ಬರಲಿಲ್ಲ.

“ಫೋಟೊ ಇಲ್ಲವ್ವ. ನಾನೇ ಅಳಿಸೀನಿ. ತಿಳೀಲಾರದೆ ಅಳಿಸೀನಿ.”

ಅವಳು ಬೈಯಲಿಲ್ಲ. ಸ್ಟೂಲಿನ ಮೇಲೆ ಕುಳಿತು ನೀಲಿ ಪರದೆಯನ್ನೇ ನೋಡಿದಳು. “ಏನೂ ಉಳಿದಿಲ್ಲೇನ್ರಿ?” ಎಂದಳು.

ಹಾಳೆ ತೆಗೆದು ಓದಿದೆ. “ಔರಾದ, ಮೂರು. ಶುಕ್ರವಾರ, ಹನ್ನೊಂದು ಗಂಟಿ ನಲವತ್ತೊಂದು ನಿಮಿಷ. ಔರಾದ, ನಾಕು. ಹನ್ನೊಂದು ನಲವತ್ತೆರಡು.”

“ಎರಡು ಹೊಡದಿದ್ರೇನ್ರಿ?”

“ಮೊದಲಿಂದರಾಗ ಕಣ್ಣ ಮುಚ್ಚಿದ್ಲು.”

“ಎರಡನೇದರಾಗ? ನೀವರೆ ನೋಡೀರಿ. ಮಾರಿ ಹ್ಯಾಂಗಿತ್ತು, ಹೇಳ್ರಿ ಕಾಕಾ.”

ಮೂವತ್ತು ವರ್ಷ ಮುಖಗಳನ್ನು ನೋಡಿಯೇ ಅನ್ನ ತಿಂದವನು ನಾನು. ಕಣ್ಣು ಮುಚ್ಚಿ ನೆನೆದೆ. ಹಳದಿ ಫ್ರಾಕು ಬಂತು, ಕುತ್ತಿಗೆಯ ಮೇಲೆ ಚೆಲ್ಲಿದ ಪೌಡರು ಬಂತು. ಮುಖ ಬರಲಿಲ್ಲ.

“ನಗ್ತಿದ್ಲವ್ವ,” ಎಂದೆ. ಅಷ್ಟು ಮಾತ್ರ ಖಚಿತವಾಗಿ ಗೊತ್ತಿತ್ತು.

“ಅದನ್ನ ಬರದು ಕೊಡ್ರಿ,” ಎಂದಳು. “ಆ ಟೈಮೂ ಬರೀರಿ. ಅಷ್ಟೊತ್ತಿಗಿ ಅಕಿ ಇದ್ಲು, ಅಲ್ರಿ?”

ಬರೆದುಕೊಟ್ಟೆ. ಓದಲು ಬಾರದವಳು ಅದನ್ನು ರಟ್ಟಿನ ನಡುವೆ ಇಟ್ಟು, ಎದೆಗೆ ಒತ್ತಿಕೊಂಡು ಸ್ಟೇಷನ್ ಕಡೆ ಹೋದಳು. ಮತ್ತೆ ಬರಲಿಲ್ಲ. ಅಂದೇ ನಾನು ಬೋರ್ಡ್ ಇಳಿಸಿದೆ.

ಈಗ ನನ್ನ ಬಳಿ ಎರಡು ಕ್ಯಾಮೆರಾ ಇವೆ. ಒಂದು ಕಂಪ್ಯೂಟರ್. ಮೂರು ಡಿಸ್ಕು: ಒಂದು ಅಂಗಡಿಯಲ್ಲಿ, ಒಂದು ಮನೆಯಲ್ಲಿ, ಒಂದು ಮೈಲೂರಿನ ಆ ಹೆಣ್ಣುಮಗಳ ಬಳಿ. ಒಂದು ನೀಲಿ ಪರದೆ, ಒಂದು ಸ್ಟೂಲು. ಬೋರ್ಡ್ ಇದ್ದ ಗೋಡೆಯಲ್ಲಿ ನಾಲ್ಕು ಮೊಳೆಯ ತೂತು. ಮತ್ತು ಆ ಪಟ್ಟಿಯ ಹಾಳೆಯ ಮೇಲೆ ಎರಡು ಸಾಲು: ಔರಾದ ಮೂರು, ಔರಾದ ನಾಲ್ಕು.