ಕೋಡ್ ಹೋಗಿದ್ದು ಯಾರ ಫೋನಿಗೆ

ನಮ್ಮತ್ತಿಗೆಗೆ ದಿನವಿಡೀ ಒಂದೇ ಕೆಲಸ: ಫೋನು ಮಾಡಿದವರು ನಿಜಕ್ಕೂ ಅವರೇನಾ ಎಂದು ಪರೀಕ್ಷಿಸುವುದು. ಕೀಲಿಕೈ ಬೇಡದ, ಮೊಬೈಲಿನಿಂದಲೇ ತೆರೆಯುವ ಬಾಗಿಲ ಬೀಗ ಮಾರುವ ಕಂಪನಿಯ ಸಹಾಯವಾಣಿ ಅದು. ಮನೆಗೆ ಬರುವ ಹೊತ್ತಿಗೆ ಅವಳ ಬಾಯಲ್ಲಿ ಮಾತೇ ಉಳಿದಿರುವುದಿಲ್ಲ. ಒಮ್ಮೆ ನಮ್ಮಣ್ಣ ಬಾಗಿಲು ತಟ್ಟಿದಾಗ ತೂಕಡಿಕೆಯಲ್ಲೇ "ಹುಟ್ಟಿದ ತಾರೀಕು ಹೇಳಿ" ಎಂದಿದ್ದಳು. ನಾವು ಬಿದ್ದುಬಿದ್ದು ನಕ್ಕೆವು. ಅವಳಿಗೆ ನಗುವುದಕ್ಕೂ ಸುಸ್ತು.

ಅಲ್ಲಿನವರಿಗೊಂದು ಅಭ್ಯಾಸ. ಕರೆ ಮಾಡಿದವರು ಬೀಗದ ಸಂಖ್ಯೆ ಒತ್ತಿದ್ದೇ ತಡ, ನಮಸ್ಕಾರ ಹೇಳುವ ಮೊದಲೇ ಮಾಲೀಕರ ಮೊಬೈಲಿಗೆ ಕೋಡ್ ಕಳಿಸಿಬಿಡುತ್ತಾರೆ. ಸಮಯ ಉಳಿಯುತ್ತದೆ, ಮೇಲ್ವಿಚಾರಕನ ಮುಖವೂ ನೆಟ್ಟಗಿರುತ್ತದೆ.

ಅವತ್ತು ಮಧ್ಯಾಹ್ನ ಒಬ್ಬ ಹೆಂಗಸು ಪಿಸುದನಿಯಲ್ಲಿ ಮಾತಾಡಿದಳು. "ನನ್ನ ಗಂಡನ ಫೋನಿಂದ ಈ ಬಾಗಿಲು ತೆಗೆಯದ ಹಾಗೆ ಮಾಡಿ. ಹೊಡೀತಾನೆ ಅಂತ ಆಚೆ ಕಳಿಸಿದೀನಿ. ಆದ್ರೂ ಬೇಕಾದಾಗೆಲ್ಲ ಬಾಗಿಲು ತೆಗೆದು ಒಳಗೆ ಬರ್ತಾನೆ."

ಬೀಗವಿದ್ದದ್ದು ಗಂಡನ ಹೆಸರಿನಲ್ಲಿ. ಅತ್ತಿಗೆಯ ಬೆರಳು ಆಗಲೇ ಕೋಡ್ ಕಳಿಸುವ ಗುಂಡಿ ಒತ್ತಿಯಾಗಿತ್ತು. ಮನೆಯಿಂದ ಯಾರೋ ಸಹಾಯವಾಣಿಗೆ ಫೋನು ಮಾಡಿದ್ದಾರೆಂದು ಅವನಿಗೆ ತಿಳಿಸಿದವಳು ಇವಳೇ.

ಆದರೂ ಮುಚ್ಚಿಡಲಿಲ್ಲ. "ಅಮ್ಮಾ, ತಪ್ಪು ಮಾಡಿಬಿಟ್ಟೆ. ಅವರಿಗೆ ಗೊತ್ತಾಗಿರುತ್ತೆ. ಒಳಗಡೆ ಚಿಲಕ ಇದ್ಯಾ?"

"ಇತ್ತು. ಬೀಗ ಹಾಕೋಕೆ ಬಂದ ನಿಮ್ಮವರೇ ಬಿಚ್ಚಿದ್ರು, ಇನ್ಯಾಕೆ ಅಂತ."

"ಯಾರಾದ್ರೂ ಬರೋರಿದ್ದಾರಾ?"

"ತಮ್ಮ ಹೊರಟಿದ್ದಾನೆ. ಅವನು ಬರೋ ತನಕ ಹೇಗೆ?"

ಗ್ರಾಹಕರಿಗೆ ಹೇಳಲೇಬಾರದು ಎಂದು ತರಬೇತಿಯಲ್ಲಿ ಒತ್ತಿ ಒತ್ತಿ ಹೇಳಿದ್ದನ್ನು ಅತ್ತಿಗೆ ಹೇಳಿದಳು. "ಬೀಗದ ಒಳಮುಚ್ಚಳ ತೆಗೆದು ಬ್ಯಾಟರಿ ಕಿತ್ತುಬಿಡಿ. ಒಳಗಿನ ಹಿಡಿಕೆ ತಿರುಗಿಸಿದ್ರೆ ನೀವು ಆಚೆ ಹೋಗಬಹುದು, ಅವರು ಒಳಗೆ ಬರೋಕಾಗಲ್ಲ."

ಒಂದು ಮನೆಯ ಕರೆಗಳೆಲ್ಲ ಆ ದಿನ ಒಬ್ಬರಿಗೇ ಬರುವುದು ಅಲ್ಲಿನ ಪದ್ಧತಿ. ಸ್ವಲ್ಪ ಹೊತ್ತಿಗೆ ಗಂಡಸಿನ ದನಿ, ಬೆಣ್ಣೆಯಂಥ ಮಾತು. "ಮೇಡಂ, ನಮ್ಮ ಬಾಗಿಲು ತೆಗೀತಿಲ್ಲ." ಹುಟ್ಟಿದ ತಾರೀಕು, ತಾಯಿಯ ಹೆಸರು, ಕೋಡ್, ಎಲ್ಲವನ್ನೂ ತಡವರಿಸದೆ ಒಪ್ಪಿಸಿದ. ಪರದೆಯ ಮೇಲೆ ಹಸಿರು ಗುರುತು ಬಂತು. ಅಸಲಿ ಮಾಲೀಕನಂತೆ, ಅವನ ತಲೆ.

"ಬ್ಯಾಟರಿ ಹೋಗಿದೆ ಸರ್."

"ಈಗೇನ್ ಮಾಡ್ಲಿ?"

"ಒಳಗಿಂದಾನೇ ಹಾಕ್ಬೇಕು. ಒಳಗಿರೋರನ್ನ ಕೇಳಿ ಸರ್."

ಅವನು ಬೈಯಲು ಶುರುಮಾಡಿದ. ಅಷ್ಟರಲ್ಲಿ ಅವನ ಹಿಂದೆ ಇನ್ನೊಂದು ದನಿ ಕೇಳಿಸಿತು: "ಭಾವ, ಬಾಗಿಲು ಬಿಟ್ಟು ಈಚೆ ಬನ್ನಿ." ಫೋನು ಕಟ್ಟಾಯಿತು.

ಮನೆಗೆ ಬಂದ ಅತ್ತಿಗೆ ನಮ್ಮ ಹಳೇ ಚಿಲಕ ಹಾಕಿ, ಎಳೆದು ನೋಡಿ, ಚಪ್ಪಲಿ ಬಿಡದೆ ಹೊಸ್ತಿಲ ಹತ್ತಿರವೇ ಕೂತುಬಿಟ್ಟಳು. ಈಗ ಅವಳು ಪೂರ್ತಿ ಕೇಳಿಸಿಕೊಂಡ ಮೇಲೆಯೇ ಗುಂಡಿ ಒತ್ತುತ್ತಾಳೆ. ಕೆಲಸ ನಿಧಾನವೆಂದು ದಿನವೂ ಬೈಸಿಕೊಳ್ಳುತ್ತಾಳೆ.