ಜಯಕರಣ್ಣನ ಸೆಡಾನ್‌ಗೆ ಆದ ಅಭಿಷೇಕ

ಎರಡು ವರ್ಷದ ಹಿಂದಿನ ಮಾತು. ತುರ್ಭೆಯ ದೊಡ್ಡ ವರ್ಕ್‌ಶಾಪೊಂದರಿಂದ ನಿವೃತ್ತನಾಗಿ ಅಂಬರನಾಥದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಆಗಷ್ಟೇ ಸ್ವಂತ ಗ್ಯಾರೇಜ್ ತೆರೆದಿದ್ದೆ. ಹಳೆಯ ಸ್ಪೋರ್ಟ್ಸ್ ಸೆಡಾನ್‌ಗಳೆಂದರೆ ನನಗೆ ಪ್ರಾಣ. ನೋಡಲು ನಾಲ್ಕು ಬಾಗಿಲಿನ ಸಂಸಾರಸ್ಥ ಗಾಡಿ, ಬಾನೆಟ್ಟಿನ ಕೆಳಗೆ ಮಾತ್ರ ಓಡಲು ತುದಿಗಾಲಲ್ಲಿ ನಿಂತ ಎಂಜಿನ್. ಅಂಥದ್ದನ್ನು ಯಾರಾದರೂ ತಂದರೆ ನಾನು ಚಹಾ ಕುಡಿಯುವುದನ್ನೂ ಮರೆಯುತ್ತೇನೆ.

ದಸರಾ ಕಳೆದ ಶುಕ್ರವಾರ ಡೊಂಬಿವಲಿಯ ಹೋಟೆಲ್ ಮಾಲೀಕ ಜಯಕರಣ್ಣ ತಮ್ಮ ಕಪ್ಪು ಸೆಡಾನನ್ನು ಟೋ ಮಾಡಿಸಿಕೊಂಡು ಬಂದರು. ಆರು ಸಿಲಿಂಡರಿನ, ಹದಿನೆಂಟು ವರ್ಷದ ಗಾಡಿ. ಜೊತೆಯಲ್ಲಿ ಅವರ ಹೆಂಡತಿ ಸುಜಾತಕ್ಕ, ಮುಖ ಗಂಟು ಹಾಕಿಕೊಂಡು.

"ಸ್ಟಾರ್ಟ್ ಮಾಡಿದ್ರೆ ಗಡಗಡ ನಡುಗ್ತದೆ ಮಾರಾಯ," ಎಂದರು ಜಯಕರಣ್ಣ.

"ಪ್ರತಿ ದಸರಾಕ್ಕೂ ಇದೇ ಕತೆ. ಆದಿತ್ಯವಾರ ಐರೋಲಿಯ ಭಂಗಾರಿನವ ಬರ್ತಾನೆ, ಗುಜರಿಗೆ ತಗೊಳ್ಳೋದಕ್ಕೆ. ಅಷ್ಟರೊಳಗೆ ಸರಿಯಾದ್ರೆ ಸರಿ, ಇಲ್ಲಾಂದ್ರೆ ಕೊಟ್ಟುಬಿಡೋದೇ," ಎಂದರು ಸುಜಾತಕ್ಕ.

ಜಯಕರಣ್ಣ ಸ್ವಂತ ಹೋಟೆಲ್ ಇಟ್ಟ ವರ್ಷ ಆಸೆಪಟ್ಟು ಕೊಂಡ ಗಾಡಿ ಅದು. ಅವರ ಮುಖ ನೋಡಿ ನನಗೇ ಸಂಕಟವಾಯಿತು.

ಸ್ಕ್ಯಾನರ್ ಹಚ್ಚಿದೆ. ಮೂರು ಮತ್ತು ನಾಲ್ಕನೇ ಸಿಲಿಂಡರಿನಲ್ಲಿ ಮಿಸ್‌ಫೈರ್, ಅಂದರೆ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಸ್ಪಾರ್ಕ್ ಪ್ಲಗ್‌ಗೆ ವಿದ್ಯುತ್ ಕೊಡುವ ಇಗ್ನಿಷನ್ ಕಾಯಿಲ್ ಹಾಳಾಗಿರಬೇಕೆಂದುಕೊಂಡು ಮೂರನೆಯದನ್ನು ಎಳೆದೆ. ಪ್ಲಗ್ ಕೂರುವ ಗುಂಡಿಯ ತುಂಬ ನೀರು. ಬರೀ ನೀರಲ್ಲ, ಕೆಂಪು ನೀರು! ಮೂಸಿ ನೋಡಿದರೆ ದೇವಸ್ಥಾನದ ಪರಿಮಳ.

"ಜಯಕರಣ್ಣ, ಪೂಜೆ ಎಲ್ಲಿಗೆ ಮಾಡಿದ್ರಿ?"

"ಎಂಜಿನ್ನಿಗೆ. ಮೇಲಿನ ಪ್ಲಾಸ್ಟಿಕ್ ಕವರ್ ತೆಗೆದು, ಪೈಪಿನಲ್ಲಿ ಚೆನ್ನಾಗಿ ತೊಳೆದು, ಕುಂಕುಮ ಹಚ್ಚಿದೆ. ಪ್ಲಾಸ್ಟಿಕ್ಕಿಗೆ ಹಚ್ಚಿದ್ರೆ ಎಂಜಿನ್ನಿಗೆ ಮುಟ್ತದಾ?"

ಹೋಟೆಲಿನಲ್ಲಿ ಆಯುಧಪೂಜೆಗೆ ಮೊದಲು ಇಡ್ಲಿ ಹಿಟ್ಟಿನ ಗ್ರೈಂಡರನ್ನು ಹೀಗೆಯೇ ತೊಳೆಯುತ್ತಾರೆ. ಅದೇ ಮರ್ಯಾದೆ ಈ ಎಂಜಿನ್ನಿಗೂ ಸಂದಿತ್ತು. ಕಾಯಿಲ್‌ಗಳ ರಬ್ಬರ್ ಹಳೆಯದಾಗಿ ಬಿರುಕು ಬಿಟ್ಟಿದ್ದರಿಂದ ನೀರು ನೇರ ಒಳಗಿಳಿದಿತ್ತು. ನಗು ತಡೆಯಲಾಗಲಿಲ್ಲ. ಸುಜಾತಕ್ಕನೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಮುಖದ ಗಂಟು ಸ್ವಲ್ಪ ಸಡಿಲಾಯಿತು.

ಮೊದಲು ಏರ್ ಪೈಪಿನಿಂದ ಗುಂಡಿಗಳನ್ನು ಒಣಗಿಸಿದೆ. ಹಾಗೆ ಮಾಡದೆ ಪ್ಲಗ್ ಬಿಚ್ಚಿದರೆ ನೀರು ಸಿಲಿಂಡರಿಗೇ ಇಳಿಯುತ್ತದೆ. ಆಮೇಲೆ ಆರಕ್ಕೆ ಆರೂ ಹೊಸ ಪ್ಲಗ್, ಹೊಸ ಕಾಯಿಲ್. ನಡುಕ ನಿಂತಿತು. ಆದರೂ ಎಂಜಿನ್ ಮಂಕಾಗಿಯೇ ಇತ್ತು. ತೆಗೆದ ಪ್ಲಗ್‌ಗಳೆಲ್ಲ ಮಸಿ ಹಿಡಿದಿದ್ದವು. ಜಯಕರಣ್ಣ ಗಾಡಿಗೆ ನೋವಾಗುತ್ತದೆಂದು ನಲವತ್ತರ ಮೇಲೆ ಓಡಿಸುತ್ತಲೇ ಇರಲಿಲ್ಲವಂತೆ. ಇಂಥ ಎಂಜಿನ್ ಬಿಸಿಯಾದ ಮೇಲೆ ಆಗಾಗ ಜೋರಾಗಿ ತಿರುಗಬೇಕು, ಆಗಲೇ ಒಳಗಿನ ಮಸಿ ಸುಡುತ್ತದೆ. ಅದಕ್ಕೆ ವೇಗಮಿತಿ ದಾಟಬೇಕಾಗಿಲ್ಲ, ಗೇರ್ ಇಳಿಸಿದರೆ ಸಾಕು.

ಭಾನುವಾರ ಬೆಳಿಗ್ಗೆ ಇಬ್ಬರನ್ನೂ ಕರೆಸಿದೆ. ಜಯಕರಣ್ಣ ಸ್ಟಿಯರಿಂಗ್ ಮುಟ್ಟಲು ಹೆದರಿದರು. "ಸರಿಯಿರಿ," ಎಂದು ಸುಜಾತಕ್ಕ ಡ್ರೈವರ್ ಸೀಟಿನಲ್ಲಿ ಕೂತರು. ಹೋಟೆಲಿನ ಮೊದಲ ದಿನಗಳಲ್ಲಿ ವಾಶಿ ಮಾರ್ಕೆಟ್ಟಿನಿಂದ ತರಕಾರಿಯ ಟೆಂಪೋ ಓಡಿಸಿಕೊಂಡು ಬರುತ್ತಿದ್ದವರು ಅವರೇ ಎಂದು ನನಗೆ ಗೊತ್ತಾದದ್ದು ಆಗ.

ಕಾಟೈ ರಸ್ತೆ ಖಾಲಿಯಿತ್ತು. ಎಂಜಿನ್ ಬಿಸಿಯಾದ ಮೇಲೆ, "ಅಕ್ಕ, ಎರಡನೇ ಗೇರಿಗೆ ಹಾಕಿ, ಈಗ ಒತ್ತಿ," ಎಂದೆ. ಎಂಜಿನ್ನಿನ ಸುತ್ತು ತೋರಿಸುವ ಮುಳ್ಳು ಐದು ಸಾವಿರಕ್ಕೆ ಏರಿತು. ಹಿಂದಿನಿಂದ ಕಪ್ಪು ಹೊಗೆ ಭುಸ್ಸೆಂದು ಹೊರಬಿತ್ತು. ಇನ್ನೆರಡು ಸಲ ಒತ್ತುವಷ್ಟರಲ್ಲಿ ಹೊಗೆ ಹೋಗಿ, ಆರು ಸಿಲಿಂಡರಿನ ಆ ತುಂಬು ದನಿ ಎದ್ದಿತು. ಹಿಂದಿನ ಸೀಟಿನಲ್ಲಿ ಜಯಕರಣ್ಣ ದೇವರ ನಾಮ ಹೇಳುತ್ತಿದ್ದರು. ಸುಜಾತಕ್ಕ ಹುಡುಗಿಯ ಹಾಗೆ ನಗುತ್ತಿದ್ದರು. ನನ್ನ ಕಣ್ಣಲ್ಲಿ ಖುಷಿಗೆ ನೀರು ಬಂತು.

ಅಷ್ಟರಲ್ಲಿ ಭಂಗಾರಿನವನ ಫೋನ್. ಸುಜಾತಕ್ಕ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, "ನಹೀಂ ದೇನಾ ಹೈ, ಭೈಯಾ," ಎಂದು, ಗಾಡಿ ಕೊಡುವುದಿಲ್ಲವೆಂದು ಹೇಳಿ ಫೋನ್ ಇಟ್ಟರು. ಜಯಕರಣ್ಣ ಬೀಗದ ಕೈಗೆ ಕೈ ಚಾಚಿದರು. ಅಕ್ಕ ಕೊಡಲಿಲ್ಲ.

ಪ್ರೀತಿಯಿಂದಲೇ ಕೆಡುವ ಯಂತ್ರಗಳೂ ಇರುತ್ತವೆಂದು ಈ ಕೆಲಸ ನನಗೆ ಕಲಿಸಿತು. ಅಂದಿನಿಂದ ಸ್ಕ್ಯಾನರ್ ಹಚ್ಚುವ ಮೊದಲು, ಗಾಡಿಯನ್ನು ಮನೆಯಲ್ಲಿ ಹೇಗೆ ನೋಡಿಕೊಳ್ಳುತ್ತೀರಿ ಎಂದು ಕೇಳುತ್ತೇನೆ.

ಕಳೆದ ಆಯುಧಪೂಜೆಯ ದಿನ ಜಯಕರಣ್ಣ ಫೋನ್ ಮಾಡಿ, ಕುಂಕುಮ ಎಲ್ಲಿಗೆ ಹಚ್ಚಲಿ ಎಂದು ಕೇಳಿದರು. ಸ್ಟಿಯರಿಂಗಿಗೆ ಸಾಕು ಎಂದೆ.

"ಅದು ಸಿಕ್ಕಬೇಕಲ್ಲ ಮಾರಾಯ! ಇವಳು ಬೆಳಿಗ್ಗೆಯೇ ಗಾಡಿ ತಗೊಂಡು ಹೋಗಿದ್ದಾಳೆ. ಆರತಿ ತಟ್ಟೆ ಹಿಡ್ಕೊಂಡು ಗೇಟಿನಲ್ಲಿ ನಿಂತಿದ್ದೇನೆ."