ದೋಣಿಯ ಹಿಂದೆ ನಡೆಯುವ ಅಲಿಯಬ್ಬ

ಬೆಳಗಿನ ಐದೂಕಾಲು. ಬೆಳ್ಮಣ್‌ನಲ್ಲಿ ದೋಣಿ ಕಟ್ಟುವ ಜೋಕಿಮ್ ಅವರ ಅಂಗಳದಲ್ಲಿ ಅಲಿಯಬ್ಬ ಮಂಡಿಯೂರಿ ಕುಳಿತು, ಗಾಡಿಯ ಚಕ್ರದ ನಟ್ಟುಗಳನ್ನು ಒಂದೊಂದಾಗಿ ಸ್ಪ್ಯಾನರಿನಿಂದ ತಟ್ಟುತ್ತಿದ್ದಾರೆ. ಬಿಗಿಯಾಗಿರುವ ನಟ್ಟಿನ ಸದ್ದು ಬೇರೆ, ಸಡಿಲವಾದದ್ದರ ಸದ್ದು ಬೇರೆ. ನಾಲ್ಕನೆಯದಕ್ಕೆ ಕೈ ನಿಲ್ಲುತ್ತದೆ. ಇನ್ನೊಮ್ಮೆ ತಟ್ಟುತ್ತಾರೆ, ಕಾಲು ಸುತ್ತು ಬಿಗಿ ಮಾಡುತ್ತಾರೆ, ಐದನೆಯದಕ್ಕೆ ಹೋಗುತ್ತಾರೆ. ಎರಡು ಚಕ್ರದ ಆ ಗಾಡಿಯ ಮೇಲೆ ಮೂವತ್ತು ಅಡಿ ಉದ್ದದ ಹೊಸ ದೋಣಿ. ಹಲಗೆಗೆ ಬಳಿದ ಗೇರೆಣ್ಣೆಯ ವಾಸನೆ ಅಂಗಳದ ತುಂಬ.

ಹೊರಗಿನವರು ಯಾರಾದರೂ ಎದುರಿಗಿದ್ದರೆ ಜೋಕಿಮ್ ತುಳು ಬಿಟ್ಟು ಕನ್ನಡಕ್ಕೆ ಬರುತ್ತಾರೆ. "ಹಗ್ಗ ಸಾಕಾ ಬ್ಯಾರಿಗಳೇ? ಒಳಗೆ ಇನ್ನೊಂದು ಸುರುಳಿ ಉಂಟು."

"ಬೇಡ. ನನ್ನ ಹತ್ತಿರ ಇದೆ."

"ಕೇಳಿ ಇವರ ಕನ್ನಡ" ಎಂದು ಜೋಕಿಮ್ ನಗುತ್ತಾರೆ. "ಹುಟ್ಟಿದ್ದು ಉದ್ಯಾವರದಲ್ಲಿ, ಮಾತು ಘಟ್ಟದ ಮೇಲಿನದ್ದು."

ಅಲಿಯಬ್ಬ ನಗುವುದಿಲ್ಲ. ಅರ್ಧ ಗೆರಟೆಯಲ್ಲಿ ನೀರು ತುಂಬಿ, ದೋಣಿಯ ನಡುವಿನ ಹಲಗೆಯ ಮೇಲೆ ಇಡುತ್ತಾರೆ. ದಾರಿಯಲ್ಲಿ ಎಲ್ಲೆಲ್ಲಿ ನಿಲ್ಲುತ್ತಾರೋ ಅಲ್ಲೆಲ್ಲ ಮೊದಲು ನೋಡುವುದು ಆ ತೆಂಗಿನ ಚಿಪ್ಪನ್ನು. ನೀರು ಚೆಲ್ಲಿದ್ದರೆ ಎಲ್ಲೋ ಹಗ್ಗ ಸಡಿಲವಾಗಿದೆ ಎಂದು ಅರ್ಥ. ಹಗ್ಗ ನೋಡಿದರೆ ಬಿಗಿಯಾಗಿಯೇ ಕಾಣುತ್ತದೆ, ನೀರು ಸುಳ್ಳು ಹೇಳುವುದಿಲ್ಲ ಎನ್ನುವುದು ಅವರ ಅನುಭವ.

ಕರಾವಳಿಯ ಬ್ಯಾರಿ ಮುಸ್ಲಿಮರಾದ ಅಲಿಯಬ್ಬನವರಿಗೆ ಈಗ ಐವತ್ತಮೂರು ವರ್ಷ. ತಂದೆ ಉದ್ಯಾವರ ಹೊಳೆಯಲ್ಲಿ ಜನರನ್ನು ದಾಟಿಸುವ ದೋಣಿ ನಡೆಸುತ್ತಿದ್ದರು. ಸೇತುವೆ ಬಂದ ಮೇಲೆ ಜನ ದೋಣಿ ಹತ್ತುವುದನ್ನು ಬಿಟ್ಟರು. ಮಗ ದೋಣಿಯನ್ನೇ ರಸ್ತೆಗೆ ಹತ್ತಿಸಿದರು. ಕಾರ್ಕಳದ ಮಿಲ್ಲಿನಲ್ಲಿ ಮರ ಸಿಗುತ್ತದೆ, ಹಾಗಾಗಿ ಕೆಲವರು ದೋಣಿ ಕಟ್ಟುವುದು ಒಳನಾಡಿನಲ್ಲಿ; ಕಡಲು ಇರುವುದು ಇಪ್ಪತ್ತೆರಡು ಕಿಲೋಮೀಟರ್ ಆಚೆ. ನಡುವಿನ ಆ ದಾರಿ ಅಲಿಯಬ್ಬನವರದು. 1969ರಿಂದ ಈ ಡಿಸೆಂಬರಿನವರೆಗೆ, ಹದಿನೈದು ವರ್ಷಗಳಲ್ಲಿ, ಅವರು ಹೊರಡಿಸಿದ ದೋಣಿಗಳು ನೂರ ಎಂಬತ್ತಾರು. ಕಡಲು ಮುಟ್ಟಿದ್ದು ನೂರ ಎಂಬತ್ತೈದು.

ಗಾಡಿಯನ್ನು ಎಳೆಯುವುದು ಹಳೆಯ ಜೀಪು. ಅದನ್ನು ಓಡಿಸುವವರು ಅವರ ಹೆಂಡತಿಯ ತಮ್ಮ ಯೂಸುಫ್. ಅಲಿಯಬ್ಬ ಜೀಪಿನಲ್ಲಿ ಕೂರುವುದಿಲ್ಲ. ಗಾಡಿಯ ಚಕ್ರಗಳಿಂದ ಹತ್ತು ಅಡಿ ಹಿಂದಕ್ಕೆ ಚಾಚಿಕೊಂಡ ದೋಣಿಯ ತುದಿಗೆ ಕೆಂಪು ಬಟ್ಟೆ ಕಟ್ಟಿ, ಅದರ ಪಕ್ಕದಲ್ಲೇ ಕಾಪುವಿನವರೆಗೂ ನಡೆಯುತ್ತಾರೆ. ಜೀಪು ಬಲಕ್ಕೆ ತಿರುಗಿದರೆ ಆ ತುದಿ ಎಡಕ್ಕೆ ಬೀಸುತ್ತದೆ. ಅಲ್ಲಿ ಸೈಕಲ್ ಇರಬಹುದು, ಶಾಲೆಯ ಮಕ್ಕಳು ಇರಬಹುದು. ಡ್ರೈವರನಿಗೆ ಅದು ಕಾಣುವುದಿಲ್ಲ. ಹಾಗಾಗಿ ವೇಗ ಗಂಟೆಗೆ ನಾಲ್ಕು ಕಿಲೋಮೀಟರ್. "ನನ್ನ ಜೀಪಿಗೆ ಮೂರನೇ ಗೇರು ಉಂಟು ಅನ್ನುವುದೇ ಮರೆತುಹೋಗಿದೆ" ಎನ್ನುತ್ತಾರೆ ಯೂಸುಫ್.

ಅಲಿಯಬ್ಬನವರ ಕೈಯಿಂದ ಒಂದು ತೆಳು ಹಗ್ಗ ದೋಣಿಯ ಅಂಚಿನಗುಂಟ ಮುಂದಕ್ಕೆ ಹೋಗಿ, ಜೀಪಿನಲ್ಲಿ ಯೂಸುಫ್ ಅವರ ಕಿವಿಯ ಬಳಿ ತೂಗುವ ಹಿತ್ತಾಳೆಯ ಗಂಟೆಗೆ ಸೇರುತ್ತದೆ. ಒಂದು ಸಲ ಎಳೆದರೆ ನಿಲ್ಲಬೇಕು, ಎರಡು ಸಲ ಎಳೆದರೆ ಹೊರಡಬೇಕು, ಮೂರು ಸಲ ಎಳೆದರೆ ಹಿಂದಕ್ಕೆ ಬರಬೇಕು. ಬಾಯಿಮಾತು ಇಲ್ಲವೇ ಇಲ್ಲ.

ಐದೂ ಮುಕ್ಕಾಲಿಗೆ ಗಂಟೆ ಎರಡು ಸಲ ಆಗುತ್ತದೆ. ಅಲಿಯಬ್ಬ ಬಿಸ್ಮಿ ಹೇಳಿ ಹೆಜ್ಜೆ ಹಾಕುತ್ತಾರೆ.

ಆ ದಾರಿಯ ಬಸ್ಸುಗಳ ಸಮಯ ಅವರಿಗೆ ಬಾಯಿಪಾಠ. ಎದುರಿನ ಬಸ್ಸು ಬರುವ ಐದು ನಿಮಿಷ ಮೊದಲೇ ಅಗಲವಾದ ಜಾಗ ನೋಡಿ ದೋಣಿ ನಿಲ್ಲಿಸಿ, ಚಕ್ರಕ್ಕೆ ಮರದ ತುಂಡು ಕೊಡುತ್ತಾರೆ. ಪಕ್ಕದಲ್ಲಿ ಹಾದುಹೋಗುವ ಬಸ್ಸಿನಿಂದ ಕಂಡಕ್ಟರ್ ತಲೆ ಹೊರಗೆ ಹಾಕುತ್ತಾನೆ. "ಎಂತ ಬ್ಯಾರಿಗಳೇ, ಕಡಲು ಇಲ್ಲಿಯವರೆಗೆ ಬಂತಾ?"

"ನಿನ್ನ ಬಸ್ಸು ಸೋರುವುದು ನೋಡಿ ದೋಣಿ ತಂದೆ" ಎನ್ನುತ್ತಾರೆ ಅಲಿಯಬ್ಬ. ಬಸ್ಸಿನ ಒಳಗೆ ನಗು.

ನಂದಿಕೂರಿನ ಈಚೆ ಒಂದು ಮೋರಿ, ತೋಡಿನ ಮೇಲಿನ ಕಿರುಸೇತುವೆ. ಎರಡೂ ಬದಿಗೆ ಮುರಕಲ್ಲಿನ ಮೋಟುಗೋಡೆ, ದಾಟಿದ ಕೂಡಲೇ ತಿರುವು. ಇಲ್ಲಿಗೆ ಬರುವಾಗ ಎಂಟೂಕಾಲು. ಅಲಿಯಬ್ಬ ಹಗ್ಗ ಎಳೆಯುತ್ತಾರೆ, ಜೀಪು ನಿಲ್ಲುತ್ತದೆ. ಅವರ ಲೆಕ್ಕದಲ್ಲಿ ಕಡಲು ಮುಟ್ಟದ ಒಂದು ದೋಣಿ ನಿಂತದ್ದು ಇಲ್ಲೇ.

ಅದು 1975ರ ನವೆಂಬರ್. ದೋಣಿ ಕಾಪುವಿನ ದೇಜು ಸಾಲ್ಯಾನರದು. ಆಗಿನ ಡ್ರೈವರನಿಗೆ ಜ್ವರ ಬಂದು, ಬದಲಿಗೆ ಕೊಪ್ಪದ ಕಡೆಯ ಒಬ್ಬ ಸಿಕ್ಕಿದ್ದ. ತುಳು ಬಾರದವನು. ಕರಾವಳಿಗೆ ಬಂದು ಎರಡು ವಾರವಾಗಿತ್ತಷ್ಟೇ. ಮೋರಿ ದಾಟಿ ಜೀಪು ತಿರುಗಿತು, ದೋಣಿಯ ತುದಿ ಗೋಡೆಯ ಕಡೆಗೆ ಬೀಸಿತು. ಹಿಂದಿದ್ದ ಅಲಿಯಬ್ಬ ಗಾಬರಿಯಲ್ಲಿ ತುಳುವಿನಲ್ಲಿ ಕೂಗಿದರು: "ಉಂತು". ನಿಲ್ಲಿಸು ಎಂದು. ಎಂಜಿನ್ನಿನ ಸದ್ದಿನಲ್ಲಿ ಅವನಿಗೆ ಕೇಳಿಸಿದ್ದು "ಉಂಟು". ಇಲ್ಲಿಯವರು 'ಇದೆ' ಎನ್ನುವುದಕ್ಕೆ 'ಉಂಟು' ಎನ್ನುತ್ತಾರೆ ಎಂಬುದನ್ನು ಅವನು ಆ ಎರಡು ವಾರದಲ್ಲಿ ಕಲಿತಿದ್ದ. ಜಾಗ ಉಂಟು ಎಂದುಕೊಂಡು ಎಕ್ಸಿಲರೇಟರ್ ಒತ್ತಿದ. ಮುರಕಲ್ಲು ಹಲಗೆ ಸೀಳಿ ದೋಣಿಯ ಬೆನ್ನುಮರದವರೆಗೆ ಹೋಯಿತು; ದೋಣಿ ಮತ್ತೆ ರಿಪೇರಿಗೆ ಬರಲಿಲ್ಲ.

"'ನೀವೇ ಹೇಳಿದ್ರಲ್ಲ' ಅಂದ. ಅವನ ತಪ್ಪಲ್ಲ" ಎನ್ನುತ್ತಾರೆ ಅಲಿಯಬ್ಬ. "ಕನ್ನಡದವನಿಗೆ ಕನ್ನಡದಲ್ಲಿ ಹೇಳಬೇಕಿತ್ತು. ಬಾಯಿಗೆ ಬಂದದ್ದು ತುಳು. ಮಾತು ನನ್ನದು, ತಪ್ಪೂ ನನ್ನದು."

ಆ ವರ್ಷ ದೇಜು ಸಾಲ್ಯಾನರು ಬೇರೆಯವರ ದೋಣಿಯಲ್ಲಿ ಕೂಲಿಗೆ ಹೋದರು. ಮರುವರ್ಷವೂ ಹೋದರು. ಸ್ವಂತ ದೋಣಿ ಮತ್ತೆ ಆಗಲಿಲ್ಲ; ನಾಲ್ಕು ವರ್ಷದ ಹಿಂದೆ ತೀರಿಕೊಂಡರು. ಅವರ ಹೆಂಡತಿ ಗುಣವತಿಯಾಗಲಿ ಮಗ ಭೋಜ ಆಗಲಿ ಅಲಿಯಬ್ಬನವರಿಗೆ ಒಂದು ಮಾತು ಅಂದವರಲ್ಲ. ಅನ್ನದೇ ಇದ್ದದ್ದೇ ಭಾರ ಎನ್ನುತ್ತಾರೆ ಅಲಿಯಬ್ಬ.

ಜೀಪಿಗೆ ಗಂಟೆ ಬಂದದ್ದು ಆ ದೋಣಿ ಒಡೆದ ಮುಂದಿನ ವಾರ. ಇನ್ನೊಂದು ಬದಲಾವಣೆಯನ್ನು ಮೊದಲು ಗಮನಿಸಿದವರು ಅಲಿಯಬ್ಬನವರ ಹೆಂಡತಿ ಖದೀಜಮ್ಮ. "ಸೊಸೈಟಿಯಲ್ಲಿ 'ಕಾರ್ಡು ಉಂಟಾ' ಅಂತ ಕೇಳಿದರೆ ಇವರು 'ಇದೆ' ಅಂತಾರೆ. ಅಲ್ಲಿಯವರಿಗೆ ನಗು. ನಾನು ನಗಾಡಲಿಲ್ಲ. ಒಂಬತ್ತು ವರ್ಷ ಆಯಿತು, ಆ ಮಾತು ಇವರ ಬಾಯಲ್ಲಿ ನಾನು ಕೇಳಲಿಲ್ಲ."

ಹರಕೆಯೇ ಎಂದು ಕೇಳಿದರೆ ಅಲಿಯಬ್ಬ ತಲೆ ಅಲ್ಲಾಡಿಸುತ್ತಾರೆ. "ಹರಕೆ ಎಂತದೂ ಅಲ್ಲ. ಬಾಯಿಗೆ ಬರುವುದಿಲ್ಲ, ಅಷ್ಟೇ."

ಇವತ್ತಿನ ದೋಣಿ ದೇಜು ಸಾಲ್ಯಾನರ ಮಗ ಭೋಜ ಅವರದು. ಎರಡು ತಿಂಗಳ ಹಿಂದೆ ಅವರೇ ಉದ್ಯಾವರದ ಮನೆಗೆ ಬಂದು, "ಬೆಳ್ಮಣ್‌ನಿಂದ ನೀವೇ ತರಬೇಕು. ಅಮ್ಮ ಹೇಳಿದ್ದಾರೆ" ಎಂದು ಹೇಳಿ ಹೋಗಿದ್ದರು. ಅಲಿಯಬ್ಬ ಬೇರೆ ಇಬ್ಬರ ಹೆಸರು ಹೇಳಿ ನೋಡಿದರು. ಭೋಜ ಕೇಳಲಿಲ್ಲ.

ಮೋರಿಯ ಬಳಿ ಅಲಿಯಬ್ಬ ಗೆರಟೆ ನೋಡುತ್ತಾರೆ. ನೀರು ಅರ್ಧಕ್ಕೆ ಇಳಿದಿದೆ. ಎಡಬದಿಯ ನಡುವಿನ ಕಟ್ಟು ಸಡಿಲ. ಬಿಚ್ಚಿ, ಅಡಿಗೆ ಗೋಣಿ ಕೊಟ್ಟು ಮತ್ತೆ ಕಟ್ಟುವಷ್ಟರಲ್ಲಿ ಹಿಂದೆ ಒಂದು ಬಸ್ಸು ಬಂದು ನಿಂತಿದೆ. ಹಾರ್ನ್ ಹಾಕುತ್ತಿದೆ. ಹತ್ತು ಹದಿನೈದು ಜನ ಇಳಿದು ಮೋರಿಯ ಹತ್ತಿರ ಸೇರಿದ್ದಾರೆ. ಸಹಾಯ ಮಾಡುವ ಉತ್ಸಾಹದಲ್ಲಿ ಪ್ಯಾಂಟು ಹಾಕಿದ ಒಬ್ಬರು ಜೀಪಿಗೆ ಕೈ ಬೀಸಿ ಕರೆಯುತ್ತಾರೆ.

"ಉಂಟು, ಉಂಟು, ಜಾಗ ಉಂಟು. ಬನ್ನಿ ಮಾರಾಯ್ರೆ."

ಯೂಸುಫ್ ಎಂಜಿನ್ ಆಫ್ ಮಾಡುತ್ತಾರೆ.

"ಕಿವಿ ಕೇಳುವುದಿಲ್ಲವಾ ನಿಮಗೆ? ನನಗೆ ಮಣಿಪಾಲಕ್ಕೆ ಹೋಗಲಿಕ್ಕೆ ಉಂಟು."

"ಕೇಳ್ತದೆ. ಗಂಟೆ ಮಾತ್ರ ಕೇಳ್ತದೆ" ಎಂದು ಯೂಸುಫ್ ಒಂದು ಬೀಡಿ ಹಚ್ಚುತ್ತಾರೆ.

ಅಲಿಯಬ್ಬ ಅವಸರ ಮಾಡುವುದಿಲ್ಲ. ಮೋರಿಯ ಈ ತುದಿಯಿಂದ ಆ ತುದಿಗೆ ಪಾದ ಜೋಡಿಸಿ ನಡೆದು ಅಳೆಯುತ್ತಾರೆ. ಅದರ ಅಳತೆ ಅವರಿಗೆ ಹೇಗೂ ಗೊತ್ತು. ಜನರನ್ನು ಗೋಡೆಯಿಂದ ದೂರ ನಿಲ್ಲಿಸುತ್ತಾರೆ. ಹಿಂದಕ್ಕೆ ಬಂದು ಹಗ್ಗ ಎರಡು ಸಲ ಎಳೆಯುತ್ತಾರೆ. ಜೀಪು ತಿರುಗುತ್ತದೆ, ತುದಿ ಬೀಸುತ್ತದೆ. ಗಂಟೆ ಒಂದು ಸಲ, ಆಮೇಲೆ ಮೂರು ಸಲ. ಜೀಪು ಒಂದೂವರೆ ಅಡಿ ಹಿಂದಕ್ಕೆ ಬರುತ್ತದೆ, ಮತ್ತೆ ಮುಂದಕ್ಕೆ. ಹೀಗೆ ನಾಲ್ಕು ಸಲ. ಕೊನೆಯ ಸಲ ದೋಣಿಗೂ ಗೋಡೆಗೂ ನಡುವೆ ಅಲಿಯಬ್ಬ ತಮ್ಮ ಅಂಗೈ ಇಟ್ಟು ನೋಡುತ್ತಾರೆ. ಅಂಗೈ ಹಿಡಿಸುತ್ತದೆ. ಇಪ್ಪತ್ತಮೂರು ನಿಮಿಷ. ಬಸ್ಸು ಹಾದುಹೋಗುವಾಗ ಪ್ಯಾಂಟಿನವರು ಗಡಿಯಾರ ತೋರಿಸುತ್ತಾರೆ. ಅಲಿಯಬ್ಬ ಕೈ ಮುಗಿಯುತ್ತಾರೆ.

ಪಡುಬಿದ್ರಿಯಲ್ಲಿ ಹೆದ್ದಾರಿ. ಅಲ್ಲಿಂದ ಉತ್ತರಕ್ಕೆ ಎರ್ಮಾಳು, ಉಚ್ಚಿಲ, ಮೂಳೂರು. ಲಾರಿಗಳು ಗಾಳಿ ಎಬ್ಬಿಸಿ ಹೋಗುತ್ತವೆ. ಉಚ್ಚಿಲದಲ್ಲಿ ಚಾ, ಗೆರಟೆಗೆ ಹೊಸ ನೀರು. ಕಾಪು ಪೇಟೆಯಿಂದ ಪಡುವಣಕ್ಕೆ ತಿರುಗಿದರೆ ದೀಪಸ್ತಂಭ ಕಾಣುತ್ತದೆ.

ಹನ್ನೆರಡೂ ಮುಕ್ಕಾಲಿಗೆ ದೋಣಿ ಮರಳಿನ ಅಂಚಿಗೆ ಬಂದು ನಿಲ್ಲುತ್ತದೆ. ಭೋಜ ಮತ್ತು ಹತ್ತು ಹನ್ನೆರಡು ಜನ ಭುಜ ಕೊಟ್ಟು ಇಳಿಸುತ್ತಾರೆ. ಭೋಜ ಅವರ ತಾಯಿ ಗುಣವತಿ ಗಂಗೊಳ್ಳಿಯಿಂದ ಮದುವೆಯಾಗಿ ಬಂದವರು. ನಲವತ್ತು ವರ್ಷ ಕಳೆದರೂ ಅವರ ಬಾಯಿಗೆ ಮೊದಲು ಬರುವುದು ಕನ್ನಡವೇ. ಅವರು ದೋಣಿಯ ಹಲಗೆಯ ಮೇಲೆ ಅಂಗೈ ಇಟ್ಟು, ಮುಂದಿನ ತುದಿಯಿಂದ ಹಿಂದಿನ ತುದಿಗೆ ನಡೆಯುತ್ತಾರೆ. ಸುತ್ತಿ ಇನ್ನೊಂದು ಬದಿಗೆ ಬರುತ್ತಾರೆ. ಒಂದು ಸುತ್ತು ಮುಗಿಸಿ ಅಲಿಯಬ್ಬನವರ ಎದುರು ನಿಲ್ಲುತ್ತಾರೆ.

"ಎಲ್ಲ ಸಮ ಉಂಟಾ, ಅಲಿಯಬ್ಬ?"

ದೋಣಿ ಇಳಿಸುವ ಮೊದಲು ತೆಗೆದು ಕೈಯಲ್ಲಿ ಹಿಡಿದಿದ್ದ ಗೆರಟೆಯನ್ನು ಅಲಿಯಬ್ಬ ನೋಡುತ್ತಾರೆ. ನೀರು ಅಂಚಿನವರೆಗೆ ಇದೆ.

"ಉಂಟು, ಗುಣವತ್ಯಕ್ಕ" ಎನ್ನುತ್ತಾರೆ.

ಖಾಲಿ ಗಾಡಿಯನ್ನು ಮರಳಿನಿಂದ ರಸ್ತೆಗೆ ಎಳೆಯುತ್ತಿದ್ದ ಯೂಸುಫ್ ಆ ಮಾತು ಕೇಳಿ ಬ್ರೇಕು ಹಾಕಿ ತಲೆ ಹೊರಗೆ ಚಾಚುತ್ತಾರೆ. "ಎಂತ ಭಾವ, ನಿಲ್ಲಿಸಬೇಕಾ?"

"ನೀನು ಗಂಟೆ ಕೇಳು" ಎನ್ನುತ್ತಾರೆ ಅಲಿಯಬ್ಬ. ಗೆರಟೆಯ ನೀರನ್ನು ಮರಳಿಗೆ ಚೆಲ್ಲಿ, ಹಗ್ಗ ಹುಡುಕಿ ಹಿಡಿದು, ಎರಡು ಸಲ ಎಳೆಯುತ್ತಾರೆ.